ಹಾಡದ ಗಾಯಕಿಯ ಪಾತ್ರ

ನ್ಯೂಜೆರ್ಸಿಯ ನಮ್ಮ ಹವ್ಯಾಸಿ ತಂಡ ಟೆರೆನ್ಸ್ ಮೆಕ್‌ನ್ಯಾಲಿಯ ‘ಮಾಸ್ಟರ್ ಕ್ಲಾಸ್’ ನಾಟಕ ಆಡಲು ಹೊರಟಾಗ, ಅದರಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಒಪೆರಾ (ಪಾಶ್ಚಾತ್ಯ ಗೀತನಾಟಕ) ಗಾಯಕಿ ಮರಿಯಾ ಕಾಲಸ್ ಪಾತ್ರ ನನ್ನ ಪಾಲಿಗೆ ಬಂತು. ಧಾರವಾಡದಲ್ಲಿ ಆರು ವರ್ಷ ಹಿಂದೂಸ್ತಾನಿ ಕಲಿತು ಬಿಟ್ಟವಳು ನಾನು. ಒಪೆರಾ ಎಲ್ಲಿ, ನಾನೆಲ್ಲಿ? ನಾಟಕ ಓದಿದ ಮೇಲೆ ಜೀವ ಬಂತು. ಮರಿಯಾ ಹಾಡುವುದೇ ಇಲ್ಲ ಎನ್ನಬಹುದು. ಹಾಡುವವರು ಮೂವರು ವಿದ್ಯಾರ್ಥಿಗಳು, ಅವರನ್ನು ತಡೆಯುವುದು ಇವಳ ಕೆಲಸ.

ನಿಜವಾದ ಕಾಲಸ್ 1971–72ರಲ್ಲಿ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಪಾಠ ಮಾಡಿದರು. ಅದರ ಧ್ವನಿಮುದ್ರಣಗಳನ್ನು ಒಂದು ತಿಂಗಳು ಕೇಳಿದೆ. ಅಲ್ಲಿ ಅವರು ಉಸಿರು, ಉಚ್ಚಾರಣೆ ಎಂದು ತಾಳ್ಮೆಯಿಂದ ತಿದ್ದುತ್ತಾರೆ. ನಾಟಕದ ಮರಿಯಾಳ ನಾಲಿಗೆಯೋ ಚೂರಿ. ಅನುಕರಣೆಯ ಆಸೆಯನ್ನು ಅಲ್ಲಿಗೇ ಬಿಟ್ಟೆ.

ಮೊದಲ ವಿದ್ಯಾರ್ಥಿನಿ ಸೋಫಿ ಬೆಲ್ಲಿನಿಯ ಒಪೆರಾ ‘ಲಾ ಸೊನ್ನಾಂಬುಲಾ’ದ ಭಾಗವೊಂದನ್ನು ಎತ್ತಿಕೊಳ್ಳುತ್ತಾಳೆ. ಬರಿಯ ‘ಓ!’ ಎಂಬಷ್ಟರಲ್ಲೇ ಮರಿಯಾ ತಡೆಯುತ್ತಾಳೆ. ತಾಲೀಮಿನಲ್ಲಿ ನಾನೂ ತಡೆಯುತ್ತಿದ್ದೆ. “ನೀವು ಅವಳ ದನಿ ಕೇಳುತ್ತಿಲ್ಲ, ನಿಮ್ಮ ಮಾತಿನ ಸರದಿ ಕಾಯುತ್ತಿದ್ದೀರಿ” ಎಂದರು ನಿರ್ದೇಶಕರು. ಸಿಟ್ಟು ಬಂತು, ಏಕೆಂದರೆ ಅದು ನಿಜವಾಗಿತ್ತು.

ಮನೆಗೆ ಬಂದು ಇಟಾಲಿಯನ್ ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ: ‘ಓ! ಸೆ ಉನಾ ವೋಲ್ತಾ ಸೋಲಾ ರಿವೇದೆರ್ಲೋ ಇಯೋ ಪೊತೆಸ್ಸಿ’. (ಇಟಾಲಿಯನ್ನಿನ ಒತ್ತಕ್ಷರಗಳಿಗೆ ನಮ್ಮ ಲಿಪಿ ಚೆನ್ನಾಗಿ ಒಗ್ಗುತ್ತದೆ.) ಒಂದೇ ಒಂದು ಸಲ ಅವನನ್ನು ಮತ್ತೆ ನೋಡುವಂತಿದ್ದರೆ, ಎಂದು ನಿದ್ದೆಯಲ್ಲಿ ನಡೆಯುತ್ತಿರುವ ಒಪೆರಾದ ನಾಯಕಿ ಅಮೀನಾ ಹಂಬಲಿಸುತ್ತಾಳೆ. ಅಂದರೆ ಆ ‘ಓ’ ನಿದ್ದೆಯಲ್ಲಿರಬೇಕು. ಇಷ್ಟು ಗೊತ್ತಾದ ಮೇಲೆ ಸೋಫಿಯ ಪಾತ್ರ ಮಾಡುತ್ತಿದ್ದ ಹುಡುಗಿಯ ‘ಓ’ ಪ್ರತಿದಿನ ಬೇರೆಯಾಗಿ ಕೇಳತೊಡಗಿತು. ಒಂದು ಸಂಜೆ ಅದು ಎಷ್ಟು ಚೆನ್ನಾಗಿ ಬಂತೆಂದರೆ ತಡೆಯುವುದನ್ನೇ ಮರೆತು ಕುಳಿತೆ. ಪಿಯಾನೊದವರು ಮುಂದಕ್ಕೆ ನುಡಿಸಬೇಕೋ ಬೇಡವೋ ತಿಳಿಯದೆ ನನ್ನನ್ನೇ ನೋಡಿದರು. ಆಮೇಲೆ ಕೆಟ್ಟ ‘ಓ’ ಬಂದ ದಿನ ಬೇಸರದಿಂದ ತಡೆದೆ, ಒಳ್ಳೆಯದು ಬಂದ ದಿನ ಹೊಟ್ಟೆಕಿಚ್ಚಿನಿಂದ. ಎರಡನೆಯದೇ ಮರಿಯಾಳಿಗೆ ಹತ್ತಿರ ಅನ್ನಿಸಿತು.

ಕಾಲಸ್ ಇದೇ ಅಮೀನಾಳನ್ನು 1955ರಲ್ಲಿ ಮಿಲಾನಿನ ಲಾ ಸ್ಕಾಲಾ ಒಪೆರಾ ರಂಗಮಂದಿರದಲ್ಲಿ ಹಾಡಿದ್ದರು. ನಾಟಕದ ಸ್ವಗತದಲ್ಲಿ ಅವರ ದನಿ ಸ್ಪೀಕರಿನಿಂದ ಬರುತ್ತಿರುವಾಗ ಅದರ ಮೇಲೆಯೇ ಮಾತಾಡಬೇಕು. ಮುದ್ರಿತ ದನಿ ಯಾರಿಗೂ ಕಾಯುವುದಿಲ್ಲ. ಅವರು ಉಸಿರೆಳೆಯುವ ಕಡೆಯೆಲ್ಲ ಪ್ರತಿಯಲ್ಲಿ ಕೆಂಪು ಪೆನ್ಸಿಲಿನ ಗೆರೆ ಎಳೆದೆ. ಎರಡನೆಯ ಪ್ರದರ್ಶನದಲ್ಲಿ ನಾನೇ ನಿಧಾನಿಸಿದೆ; ಎರಡು ವಾಕ್ಯ ನುಂಗಿ ಅವರನ್ನು ಹಿಡಿದೆ.

ಮರಿಯಾ ಬಾಯಿ ತೆರೆದು ಹಾಡಲು ನೋಡುವುದು ಒಂದೇ ಕಡೆ, ವೆರ್ದಿಯ ಒಪೆರಾ ‘ಮ್ಯಾಕ್‌ಬೆತ್’ ಪಾಠದಲ್ಲಿ. ಹೊರಡುವುದು ಒಡಕು ದನಿ. ಬೇಕೆಂದೇ ಒಡೆದು ಹಾಡಿದೆ, ತಾಲೀಮಿನಲ್ಲಿ ಎಲ್ಲರೂ ನಕ್ಕರು. ಮರುದಿನ ಧಾರವಾಡದ ಆರು ವರ್ಷಗಳನ್ನೆಲ್ಲ ಒಟ್ಟುಗೂಡಿಸಿ, ಆದಷ್ಟು ಚೆನ್ನಾಗಿ ಹಾಡಲು ಹೋದೆ. ಎರಡನೆಯ ಪದಕ್ಕೇ ದನಿ ತಾನಾಗಿ ಸೀಳಿತು. ಯಾರೂ ನಗಲಿಲ್ಲ. ಪಿಯಾನೊದವರು ಮೆಲ್ಲಗೆ, “ಶ್ರುತಿ ಇಳಿಸಲೇ?” ಎಂದು ಕೇಳಿದರು. ಬೇಡವೆಂದೆ.