ಆಧಾರ್ ಕಾರ್ಡ್ ಯಾರ ಕೈಯಲ್ಲಿದೆ?

ಮಾನವ ಕಳ್ಳಸಾಗಣೆ ಗುರುತಿಸೋದು ಹೇಗೆ ಅಂತ ಲಾಡ್ಜಿನ ಕೆಲಸದವರಿಗೆ ಕೊಟ್ಟ ಮೊದಲ ತರಬೇತಿ ಮುಗಿದು ನಾಲ್ಕೇ ದಿನಕ್ಕೆ ನಮ್ಮ ರಿಸೆಪ್ಷನ್ ಹುಡುಗ ಒಂದು ಎಡವಟ್ಟು ಮಾಡಿದ. ಶುಕ್ರವಾರ ರಾತ್ರಿ, ಜೋರು ಮಳೆ. ಬೆಂಗಳೂರಿಂದ ಬೈಕಿನಲ್ಲಿ ಒಂದು ಜೋಡಿ ಬಂದಿತ್ತು. ಹುಡುಗಿಗೆ 23 ವರ್ಷ. ಅವಳದೇ ಆಧಾರ್, ಅವಳದೇ ಫೋನಿನಿಂದ ಬುಕಿಂಗ್. ಇವನು ಅವರನ್ನು ಸೋಫಾದ ಮೇಲೆ ಮುಕ್ಕಾಲು ಗಂಟೆ ಕೂರಿಸಿ, ಮದುವೆ ಆಗಿದೆಯಾ, ಮನೆಯಲ್ಲಿ ಗೊತ್ತಾ ಅಂತ ವಿಚಾರಣೆ ಶುರು ಮಾಡಿದ್ದಾನೆ. ನೆನೆದು ತೊಪ್ಪೆಯಾಗಿದ್ದವರು ಎದ್ದು ಹೋದರು. ಬೆಳಿಗ್ಗೆ ಕೇಳಿದರೆ, "ನೀವೇ ಹೇಳಿದ್ರಲ್ಲ ಸಾರ್, ಅನುಮಾನ ಬಂದ್ರೆ ಬಿಡಬೇಡ ಅಂತ" ಅಂದ.

ಅವನನ್ನು ಬೈಯೋಕೆ ಬಾಯಿ ಬರಲಿಲ್ಲ. ನಾನು ಕಲಿಸಿದ್ದೇ ಹಾಗಿತ್ತು.

ಚಿಕ್ಕಮಗಳೂರು ಬಸ್ ಸ್ಟ್ಯಾಂಡಿನ ಹತ್ತಿರ 30 ರೂಮಿನ ಲಾಡ್ಜಿಗೆ ನಾನು ಮ್ಯಾನೇಜರ್. ವಾರದ ಮಧ್ಯೆ ಮೆಡಿಕಲ್ ರೆಪ್‌ಗಳು, ಕೋರ್ಟ್ ಕೆಲಸಕ್ಕೆ ಬಂದವರು, ಕಾಫಿ ವ್ಯಾಪಾರದವರು. ಶುಕ್ರವಾರ ಸಂಜೆಯಿಂದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಹೋಗುವವರು. ಶೃಂಗೇರಿ, ಹೊರನಾಡಿಗೆ ಹೊರಟ ಕುಟುಂಬಗಳೂ ಒಂದು ರಾತ್ರಿ ಉಳಿಯುತ್ತವೆ. ಇಷ್ಟು ಥರದ ಜನ ಬಂದು ಹೋಗುವ ಜಾಗದಲ್ಲಿ, ಯಾರನ್ನೋ ಮೋಸದಿಂದ ಕರೆದುಕೊಂಡು ಹೊರಟವನೂ ಸುಮ್ನೆ ಸಾಲಿನಲ್ಲಿ ನಿಂತು ರೂಮು ತಗೋಬಹುದು ಅಲ್ವಾ?

ಆ ಮೊದಲ ತರಬೇತಿಗೆ ಊಟದ ಹಾಲಿನಲ್ಲಿ ಪ್ರೊಜೆಕ್ಟರ್ ಹಾಕಿದ್ದೆ. ಎರಡು ಗಂಟೆ ಬರೀ ಕಾನೂನು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಓದಿದೆ. ಬೆದರಿಸಿಯೋ, ಮೋಸದಿಂದಲೋ, ಆಸೆ ತೋರಿಸಿಯೋ ಒಬ್ಬರನ್ನು ಶೋಷಣೆಗೆ ಅಂತ ಕರೆತರುವುದು, ಸಾಗಿಸುವುದು ಮಾತ್ರವಲ್ಲ, ಇರಿಸಿಕೊಳ್ಳುವುದೂ ಮಾನವ ಕಳ್ಳಸಾಗಣೆಯೇ. ಪೋಕ್ಸೋ ಕಾಯ್ದೆಯ 20ನೇ ಸೆಕ್ಷನ್‌ನಲ್ಲಂತೂ ಹೋಟೆಲ್, ಲಾಡ್ಜ್ ಅಂತ ಹೆಸರು ಹಿಡಿದೇ ಬರೆದಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು. ಕೈಕೆಳಗಿನವರ ವಿಷಯದಲ್ಲಿ ಸಂಸ್ಥೆಯ ಮುಖ್ಯಸ್ಥ ಸುಮ್ಮನಿದ್ದರೆ 1 ವರ್ಷದವರೆಗೆ. ಇದನ್ನು ಕೇಳಿ ಯಜಮಾನರ ಮುಖ ಸಪ್ಪಗಾಯಿತು. ಹೌಸ್‌ಕೀಪಿಂಗ್ ಹೆಂಗಸರು ಮಾತ್ರ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಬೆಳಿಗ್ಗೆ 12 ರೂಮು ಒರೆಸಿದ್ದವರು, ಪಾಪ.

ಜೋಡಿಯ ಕಥೆ ಆದಮೇಲೆ ಪ್ರೊಜೆಕ್ಟರ್ ಕಟ್ಟಿಟ್ಟೆ. ಮಂಗಳವಾರ ಮಧ್ಯಾಹ್ನ, ಚೆಕ್ ಔಟ್ ಎಲ್ಲ ಮುಗಿದಮೇಲೆ, ಬಟ್ಟೆ ಮಡಚುವ ರೂಮಿನಲ್ಲೇ ಕೂತೆವು. 20 ನಿಮಿಷ, ಒಂದೊಂದು ಲೋಟ ಚಹಾ. ನಾನು ಪಾಠ ಮಾಡಲಿಲ್ಲ. "ಇಷ್ಟು ವರ್ಷದಲ್ಲಿ ಯಾವ ರೂಮು ನೋಡಿ ನಿಮಗೆ ಕಸಿವಿಸಿ ಆಗಿದೆ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರಿಗಿಂತ ಹಳಬರಾದ ಅಕ್ಕ ದಿಂಬಿನ ಕವರು ಮಡಚುತ್ತಲೇ ಶುರು ಮಾಡಿದರು. ಮೂರು ವರ್ಷದ ಹಿಂದೆ, ಎರಡನೇ ಮಹಡಿಯ ಮೂಲೆ ರೂಮು. ರಿಜಿಸ್ಟರಿನಲ್ಲಿ ಇಬ್ಬರು ಅಂತ ಇತ್ತು. ಮೂರು ದಿನ ಒಳಗೆ ಬಿಡಲಿಲ್ಲ. ಟವೆಲ್, ನೀರು ಎಲ್ಲ ಆ ಗಂಡಸೇ ಬಾಗಿಲ ಸಂದಿಯಲ್ಲಿ ಕೈ ಚಾಚಿ ತಗೊಳ್ಳುತ್ತಿದ್ದ. ಕಸದ ಬುಟ್ಟಿ ಮಾತ್ರ ಹೊರಗೆ ಇಡುತ್ತಿದ್ದ. ಅದರಲ್ಲಿ ಒಂದೊಂದು ಹೊತ್ತಿಗೂ ಐದು ಊಟದ ಪೊಟ್ಟಣ.

"ಅಲ್ಲಮ್ಮ, ಆಗಲೇ ಯಾಕೆ ಹೇಳಲಿಲ್ಲ?"

"ಹೇಳಿದ್ದೆ ಸಾರ್. ಗಿರಾಕಿ ವಿಷಯ ನಿಮಗ್ಯಾಕೆ, ಕೆಲಸ ನೋಡ್ಕೊಳ್ಳಿ ಅಂದ್ರಿ."

ನನಗೆ ನೆನಪೇ ಇರಲಿಲ್ಲ. ಅವರಿಗೆ ನನ್ನ ಮಾತು ಅಕ್ಷರಶಃ ನೆನಪಿತ್ತು. ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಅಲ್ಲಿಂದ ಮುಂದೆ ತರಬೇತಿ ಅಂದರೆ ಇದೇ ಆಯಿತು: ಕಂಡಿದ್ದನ್ನು ಹೇಳುವುದು, ಹೇಳಿದ್ದನ್ನು ನಾನು ಬರೆದುಕೊಳ್ಳುವುದು. ಅದಕ್ಕೇ ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆವು. ರೂಮು ನಂಬರ್, ಗಂಟೆ, ಕಣ್ಣಿಗೆ ಕಂಡಿದ್ದು. "ಅವನು ಕೆಟ್ಟೋನು ಅನ್ಸುತ್ತೆ" ಅಂತ ಬರೆಸುವ ಹಾಗಿಲ್ಲ. "ಒಂದು ರಾತ್ರಿಯಲ್ಲಿ ಬೇರೆ ಬೇರೆ ನಾಲ್ಕು ಜನ ಬಂದು ಅರ್ಧ ಗಂಟೆಗೆ ಹೋದರು" ಅಂತ ಬರೆಸಬಹುದು. ಓದು ಬಾರದವರು ಹೇಳುತ್ತಾರೆ, ರಿಸೆಪ್ಷನ್‌ನವರು ಬರೆಯುತ್ತಾರೆ.

ರಿಸೆಪ್ಷನ್ ಹುಡುಗನಿಗೆ ಬೇರೆಯದೇ ಪಾಠ ಬೇಕಿತ್ತು. ಮದುವೆಯಾಗದ ಇಬ್ಬರು ವಯಸ್ಕರು ಒಂದೇ ರೂಮಿನಲ್ಲಿ ಇರಬಾರದು ಅನ್ನುವ ಕಾನೂನು ನಮ್ಮಲ್ಲಿಲ್ಲ. ಜಾತಿ, ಧರ್ಮ, ಹಾಕಿಕೊಂಡ ಬಟ್ಟೆ, ಇವು ಯಾವುದೂ ನಮ್ಮ ವಿಷಯ ಅಲ್ಲ. ನಮ್ಮ ಕಡೆ ಇದನ್ನು ಒತ್ತಿ ಹೇಳಲೇಬೇಕು. ಸಾಗಣೆ ತಡೀತೀವಿ ಅಂತ ಹೊರಟು ನೈತಿಕ ಪೊಲೀಸ್‌ಗಿರಿಗೆ ಇಳಿಯುವುದು ಬಹಳ ಸುಲಭ. ನಾವು ನೋಡಬೇಕಾದ್ದು ಬೇರೆ. ಆಧಾರ್ ಕಾರ್ಡ್ ಯಾರ ಕೈಯಲ್ಲಿದೆ? ಫೋನ್ ಯಾರ ಹತ್ರ ಇದೆ? ಆಕೆಗೆ ಕೇಳಿದ ಪ್ರಶ್ನೆಗೆ ಆಕೆಯೇ ಉತ್ತರ ಕೊಡುತ್ತಾಳಾ? ಯಾವ ಊರಿಗೆ ಬಂದಿದೀವಿ ಅನ್ನೋದಾದರೂ ಗೊತ್ತಾ? ಇದರಲ್ಲಿ ಯಾವುದೋ ಒಂದು ಹೆಚ್ಚುಕಮ್ಮಿ ಇದ್ದರೆ ಏನೂ ಅಲ್ಲ. ನಮ್ಮ ಅಮ್ಮನ ಆಧಾರೂ ನನ್ನ ಜೇಬಲ್ಲೇ ಇರುತ್ತದೆ. ಎರಡು ಮೂರು ಒಟ್ಟಿಗೆ ಸೇರಿದರೆ ನನಗೆ ಫೋನ್ ಮಾಡು ಅಂದೆ.

ಇದನ್ನೇ ಮುಂದಿನ ಮಂಗಳವಾರ ಎಲ್ಲರಿಗೂ ಹೇಳುತ್ತಿದ್ದೆ. ಪಾತ್ರೆ ತೊಳೆಯುವ ಜಾರ್ಖಂಡಿನ ಹುಡುಗ, ಹತ್ತೊಂಬತ್ತು ವರ್ಷದವನು, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಕೇಳಿದ: "ಸಾರ್, ನಮ್ದು ಕಾರ್ಡ್ ಮೇಸ್ತ್ರಿ ಹತ್ರ ಇದೆ. ನಾವೂ ಅದೇನಾ?"

ಮೂವರು ಹುಡುಗರನ್ನು ಆ ಮೇಸ್ತ್ರಿಯೇ ತಂದು ಬಿಟ್ಟಿದ್ದ. ಕಾಫಿ ಕೊಯ್ಲಿಗೆ ತೋಟಗಳಿಗೂ ಜನ ಕೊಡುತ್ತಿದ್ದವನು. ಸಂಬಳ ಅವನ ಕೈಗೇ ಹೋಗುತ್ತಿತ್ತು. ಅದರಲ್ಲಿ ಎಷ್ಟು ಇವರಿಗೆ ಸಿಗುತ್ತದೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ. ಮುಂಗಡ ತೀರುವವರೆಗೆ ಊರಿಗೆ ಹೋಗೋ ಹಾಗಿಲ್ಲ ಅಂದಿದ್ದನಂತೆ. ಹೀಗೆ ಸಾಲದಲ್ಲಿ ಕಟ್ಟಿಹಾಕಿ ದುಡಿಸೋದನ್ನ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ನಿಷೇಧಿಸಿದೆ. ರೂಮುಗಳಲ್ಲಿ ಹುಡುಕುತ್ತಿದ್ದದ್ದು ನಮ್ಮ ಅಡುಗೆಮನೆ ಹಿಂದೆ ಪಾತ್ರೆ ತೊಳೆಯುತ್ತಿತ್ತು.

ಯಜಮಾನರ ಹತ್ತಿರ ಅವತ್ತು ಸಂಜೆ ಜೋರು ಮಾತಾಯಿತು. "ಎಲ್ಲಾ ಕಡೆ ಹೀಗೇ ಕಣಯ್ಯಾ" ಅಂದರು. ಪ್ರೊಜೆಕ್ಟರಿನಲ್ಲಿ ತೋರಿಸಿದ್ದ ಜೈಲಿನ ವಿಷಯ ಆಗ ಉಪಯೋಗಕ್ಕೆ ಬಂತು. ಮೂವರಿಗೂ ಬ್ಯಾಂಕ್ ಅಕೌಂಟ್ ಮಾಡಿಸಿ ಸಂಬಳ ನೇರ ಹಾಕಿದೆವು. ಕಾರ್ಡ್ ವಾಪಸ್ ಬರೋಕೆ ಐದು ವಾರ ಹಿಡಿಯಿತು. ಲೇಬರ್ ಆಫೀಸಿಗೆ ಬರೆದುಕೊಡ್ತೀನಿ ಅಂದಮೇಲೇ ತಂದುಕೊಟ್ಟದ್ದು. ಆಗಲೇ ಬರೆದುಕೊಡಬೇಕಿತ್ತು. ಕಾರ್ಡ್ ಸಿಕ್ಕಿತಲ್ಲ ಅಂತ ಸುಮ್ಮನಾದೆ. ಆ ಮೇಸ್ತ್ರಿ ಈಗಲೂ ಎಲ್ಲೋ ಜನ ಬಿಡುತ್ತಿರಬಹುದು.

ನೋಟ್‌ಬುಕ್ ಶುರುವಾಗಿ ಎಂಟು ತಿಂಗಳಾಗಿತ್ತು. ಒಂದು ರಾತ್ರಿ 11:30ಕ್ಕೆ ನಲವತ್ತರ ಆಸುಪಾಸಿನ ಗಂಡಸು, ಜೊತೆಗೆ ಒಂದು ಹುಡುಗಿ. ಅಕ್ಕನ ಮಗಳು, ಹೊರನಾಡಿಗೆ ಹೊರಟಿದೀವಿ ಅಂದ. ಹುಡುಗಿಯ ಆಧಾರ್ ಅವನ ಫೋನಿನಲ್ಲಿ ಫೋಟೋ, ಹುಟ್ಟಿದ ವರ್ಷದ ಜಾಗ ಮಸುಕು. ಅವಳ ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್ ಬಿಟ್ಟರೆ ಏನೂ ಇಲ್ಲ. "ನಿಮ್ಮ ಹೆಸರೇನಮ್ಮ?" ಅಂದರೆ ಅವನೇ ಉತ್ತರ ಕೊಟ್ಟ.

ಜೋಡಿಯನ್ನು ಓಡಿಸಿದ್ದ ಅದೇ ಹುಡುಗ ಡ್ಯೂಟಿಯಲ್ಲಿದ್ದ. ಈ ಸಲ ಮುಖದಲ್ಲಿ ಏನೂ ತೋರಿಸಲಿಲ್ಲ. "ಮೇಲೆಲ್ಲ ಫುಲ್ ಸಾರ್" ಅಂತ ಸುಳ್ಳು ಹೇಳಿ, ಕ್ಯಾಮೆರಾ ಎದುರಿಗಿರುವ ಕೆಳಗಿನ ರೂಮು ಕೊಟ್ಟ. ಅದು ನಾವು ಮಂಗಳವಾರ ನಾಟಕ ಆಡಿ ಅಭ್ಯಾಸ ಮಾಡಿದ್ದು. ನೀರು ಒಯ್ದ ರೂಮ್ ಬಾಯ್, "ಬೆಳಿಗ್ಗೆ ಕಾಫಿನಾ, ಟೀನಾ?" ಅಂತ ಅವಳನ್ನೇ ಕೇಳಿದ. ಅವಳು ಅವನ ಮುಖ ನೋಡಿದಳು, ಮಾತಾಡಲಿಲ್ಲ. ರಿಸೆಪ್ಷನ್ ಹುಡುಗ ಹಿಂದಿನ ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡು 112ಕ್ಕೆ ಮಾಡಿದ, ಆಮೇಲೆ ನನಗೆ. ಸಾಗಣೆ ಅಂತ ಅವನು ಹೇಳಲಿಲ್ಲ. ಕಂಡಿದ್ದಷ್ಟೇ ಹೇಳಿದ, ಗಾಡಿ ನಂಬರ್ ಸಮೇತ. ಮಕ್ಕಳ ವಿಷಯ ಅನ್ನಿಸಿದರೆ 1098 ಕೂಡ ಇದೆ, ದಿನದ 24 ಗಂಟೆಯೂ.

ಪೊಲೀಸರು ಬರುವವರೆಗೆ ಯಾರೂ ಬಾಗಿಲು ತಟ್ಟಲಿಲ್ಲ, ಗದರಿಸಲಿಲ್ಲ, ಮೊಬೈಲಿನಲ್ಲಿ ವಿಡಿಯೋ ಮಾಡಲಿಲ್ಲ. ನನಗೆ ಅತಿ ಹೆಮ್ಮೆ ಇರೋದು ಇದರ ಬಗ್ಗೆ. ಇಂಥ ಮಕ್ಕಳ ಗುರುತು ಬಯಲಾಗೋ ಹಾಗೆ ಏನು ಹಂಚಿದರೂ ಅದೇ ಒಂದು ಅಪರಾಧ. ಮಹಿಳಾ ಪೊಲೀಸ್ ಒಬ್ಬರು ಹುಡುಗಿಯ ಹತ್ತಿರ ಬೇರೆಯಾಗಿ ಕೂತು ಮಾತಾಡಿದರು. ಅವಳಿಗೆ 18 ಆಗಿರಲಿಲ್ಲ. ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸುತ್ತೇವೆ ಅಂದರು. ಬೆಳಿಗ್ಗೆ ಅಕ್ಕ ಆ ರೂಮಿಗೆ ಪೊರಕೆ ಹಾಕಲಿಲ್ಲ. ಪೊಲೀಸರು ಹೇಳುವವರೆಗೆ ಹಾಸಿಗೆ, ಕಸದ ಬುಟ್ಟಿ ಇದ್ದ ಹಾಗೇ ಇತ್ತು. ಕ್ಯಾಮೆರಾದ ರೆಕಾರ್ಡಿಂಗ್ ನಾನೇ ಕಾಪಿ ಮಾಡಿಟ್ಟೆ, ನಮ್ಮಲ್ಲಿ 15 ದಿನಕ್ಕೆ ಅಳಿಸಿಹೋಗುತ್ತದೆ.

ಆಮೇಲೆ ಏನಾಯಿತು ಅಂತ ನಮಗೆ ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇಲ್ಲ. ಆದರೂ ರೂಮ್ ಬಾಯ್ ತಿಂಗಳುಗಟ್ಟಲೆ ಕೇಳುತ್ತಿದ್ದ, "ಏನಾದ್ರೂ ಗೊತ್ತಾಯ್ತಾ ಸಾರ್?"

ಎಲ್ಲ ಸರಿಹೋಯಿತು ಅಂತಲ್ಲ. ನೋಟ್‌ಬುಕ್ಕಿನಲ್ಲಿ ಬರೆಸಿದ್ದರಲ್ಲಿ ಮುಕ್ಕಾಲು ಪಾಲು ಏನೂ ಅಲ್ಲದ್ದು. ಎಲ್ಲರ ಮೂಲ ಕಾರ್ಡ್ ತೋರಿಸದೆ ರೂಮು ಇಲ್ಲ ಅಂತ ಮಾಡಿದ್ದಕ್ಕೆ ಶನಿವಾರ ರಾತ್ರಿ ಎರಡು ಮೂರು ರೂಮು ಖಾಲಿ ಉಳಿಯುತ್ತವೆ, ಯಜಮಾನರು ಈಗಲೂ ಗೊಣಗುತ್ತಾರೆ. ಕೆಲಸದವರು ವರ್ಷಕ್ಕೆ ಅರ್ಧ ಜನ ಬದಲಾಗುತ್ತಾರೆ, ಮತ್ತೆ ಮೊದಲಿಂದ ಶುರು. ಹೋದ ತಿಂಗಳು ನೋಡಿದರೆ ರಿಸೆಪ್ಷನ್ ಹಿಂದೆ ಅಂಟಿಸಿದ್ದ 112, 1098ರ ಹಾಳೆಯ ಮೇಲೇ ಯಾರೋ ಕ್ಯಾಲೆಂಡರ್ ನೇತುಹಾಕಿದ್ದರು. ತೆಗೆದು ಪಕ್ಕದ ಮೊಳೆಗೆ ಹಾಕಿದೆ.