ಹೊಟ್ಟೆ ನಿಜವಾಗಲೂ ಖಾಲಿ ಇದೆಯಾ? ಆಪರೇಷನ್‌ಗೆ ಮುಂಚೆ ಸ್ಕ್ಯಾನ್ ಮಾಡಿ ನೋಡುವುದು ಹೀಗೆ

ಬೆಳಿಗ್ಗೆ ಹತ್ತು ಗಂಟೆ. ಓಟಿ ಪಕ್ಕದ ಕೋಣೆಯಲ್ಲಿ ಹಸಿರು ಗೌನ್ ಹಾಕಿಕೊಂಡು ಒಬ್ಬ ಅಮ್ಮ ಮಲಗಿದ್ದರು. ವಯಸ್ಸು 58. ಪಿತ್ತಕೋಶದ ಕಲ್ಲಿಗೆ ಆಪರೇಷನ್. ಶುಗರ್ ಶುರುವಾಗಿ 18 ವರ್ಷ ಆಗಿತ್ತು. ಅರಿವಳಿಕೆ ಕೊಡಬೇಕಾದವನು ನಾನು, ಹಾಗಾಗಿ ದಿನಾ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: "ಏನು ತಿಂದಿದ್ದೀರಮ್ಮಾ, ಎಷ್ಟು ಹೊತ್ತಿಗೆ?"

"ರಾತ್ರಿ ಎಂಟಕ್ಕೆ ಒಂದು ಚಪಾತಿ, ಒಂಚೂರು ಅನ್ನ ಸಾರು. ಆಮೇಲೆ ಒಂದು ತೊಟ್ಟು ನೀರೂ ಕುಡಿದಿಲ್ಲ ಡಾಕ್ಟ್ರೇ."

ಬಾಗಿಲಲ್ಲಿ ನಿಂತಿದ್ದ ಮಗಳು, "ನಾನು ರಾತ್ರಿಯಿಡೀ ಪಕ್ಕದಲ್ಲೇ ಇದ್ದೆ ಸಾರ್, ದೇವರಾಣೆ" ಅಂದಳು.

ಹದಿನಾಲ್ಕು ಗಂಟೆ ಉಪವಾಸ. ಲೆಕ್ಕದ ಪ್ರಕಾರ ಹೊಟ್ಟೆ ಖಾಲಿ ಇರಲೇಬೇಕು. ಆದರೂ ಇಷ್ಟು ವರ್ಷದ ಶುಗರ್ ಅಲ್ವಾ ಅಂತ ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಯಂತ್ರದ ಪ್ರೋಬ್, ಅಂದರೆ ಕೈಯಲ್ಲಿ ಹಿಡಿದು ಮೈಗೆ ಒತ್ತಿಡುವ ಭಾಗ, ಇಟ್ಟೆ. ಪರದೆಯ ಮೇಲೆ ಊಟ ಕಾಣಿಸಿತು. ಅಮ್ಮ ಸುಳ್ಳು ಹೇಳಿರಲಿಲ್ಲ, ಮಗಳೂ ಹೇಳಿರಲಿಲ್ಲ. ಜಠರ ನಿಧಾನವಾಗಿತ್ತು ಅಷ್ಟೇ. ಗಡಿಯಾರಕ್ಕೆ ಅದು ಹೇಗೆ ಗೊತ್ತಾಗಬೇಕು?

ಈ ಸ್ಕ್ಯಾನ್ ಐದು ನಿಮಿಷದ ಕೆಲಸ. ಚುಚ್ಚುವುದಿಲ್ಲ, ನೋವಿಲ್ಲ. ಆದರೂ ಎಷ್ಟೋ ಕಡೆ ಇನ್ನೂ ಮಾಡುವುದಿಲ್ಲ. ಕಲಿಯುತ್ತಿರುವ ಯುವ ವೈದ್ಯರಿಗೂ, ನಾಳೆ ಓಟಿ ಮೇಜಿನ ಮೇಲೆ ಮಲಗಬೇಕಾದವರಿಗೂ ಅರ್ಥವಾಗುವ ಹಾಗೆ, ಹೇಗೆ ಮಾಡುವುದು ಅಂತ ಒಂದೊಂದಾಗಿ ಹೇಳುತ್ತೇನೆ.

ಖಾಲಿ ಹೊಟ್ಟೆಗೆ ಯಾಕಿಷ್ಟು ಹಟ?

ಊಟ ಮಾಡುವಾಗ ನೀರು ನೆತ್ತಿಗೆ ಹತ್ತಿದರೆ ಏನಾಗುತ್ತದೆ? ಕೆಮ್ಮು ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಪಕ್ಕದಲ್ಲಿದ್ದವರು ತಲೆ ತಟ್ಟಿ "ಯಾರೋ ನೆನೆಸಿಕೊಂಡರು" ಅನ್ನುತ್ತಾರೆ. ಆ ಕೆಮ್ಮೇ ನಿಮ್ಮ ಕಾವಲುಗಾರ. ಪೂರ್ತಿ ಅರಿವಳಿಕೆ ಕೊಟ್ಟಾಗ ಆ ಕೆಮ್ಮು ಮಲಗಿಬಿಡುತ್ತದೆ, ಜಠರದ ಮೇಲ್ಬಾಯಿಯ ಬಿಗಿಯೂ ಸಡಿಲವಾಗುತ್ತದೆ. ಹೊಟ್ಟೆಯಲ್ಲಿರುವುದು ಮೇಲೆ ಬಂದರೆ ನೇರವಾಗಿ ಶ್ವಾಸನಾಳಕ್ಕೆ ಇಳಿಯಬಹುದು. ಗಟ್ಟಿ ಆಹಾರವಾದರೆ ಉಸಿರೇ ಕಟ್ಟುತ್ತದೆ, ಹುಳಿ ನೀರಾದರೆ ಶ್ವಾಸಕೋಶ ಸುಟ್ಟ ಹಾಗಾಗುತ್ತದೆ.

ಇದನ್ನು ಲೆಕ್ಕ ಸಮೇತ ಬರೆದಿಟ್ಟವರು ನ್ಯೂಯಾರ್ಕಿನ ಹೆರಿಗೆ ವೈದ್ಯ ಕರ್ಟಿಸ್ ಮೆಂಡೆಲ್ಸನ್. 1932ರಿಂದ 1945ರವರೆಗಿನ 44,016 ಹೆರಿಗೆಗಳಲ್ಲಿ 66 ತಾಯಂದಿರಿಗೆ ಹೀಗಾಗಿತ್ತು ಅಂತ 1946ರಲ್ಲಿ ಪ್ರಕಟಿಸಿದರು. ಗಟ್ಟಿ ಆಹಾರ ಸಿಕ್ಕಿ ಉಸಿರುಗಟ್ಟಿ ಇಬ್ಬರು ತೀರಿಕೊಂಡಿದ್ದರು. ಮುಂದೆ ಉಪವಾಸದ ನಿಯಮಗಳು ಬಿಗಿಯಾಗಿದ್ದಕ್ಕೆ ಅವರ ಬರಹ ಒಂದು ದೊಡ್ಡ ಕಾರಣ.

ಈಗ ಹೆಚ್ಚಿನ ಕಡೆ ಪಾಲಿಸುವ ನಿಯಮ ಇದು. ನೀರಿನಂಥ ತಿಳಿ ದ್ರವಕ್ಕೆ 2 ಗಂಟೆ, ತಾಯಿಯ ಹಾಲಿಗೆ 4 ಗಂಟೆ, ಹಗುರ ತಿಂಡಿಗೆ ಮತ್ತು ಹಸುವಿನ ಹಾಲಿಗೆ 6 ಗಂಟೆ, ಎಣ್ಣೆಯಲ್ಲಿ ಕರಿದದ್ದು ಮತ್ತು ಮಾಂಸದ ಊಟಕ್ಕೆ 8 ಗಂಟೆ ಅಥವಾ ಇನ್ನೂ ಜಾಸ್ತಿ. ತಿಳಿ ಅಂದರೆ ಏನು ಅಂತ ಕೇಳುವವರಿಗೆ ನಾನು ಹೇಳುವುದು: ಲೋಟದ ಹಿಂದೆ ಈ ಪತ್ರಿಕೆ ಹಿಡಿದರೆ ಅಕ್ಷರ ಓದಲು ಆಗಬೇಕು. ಹಾಲು ಹಾಕಿದ ಕಾಫಿ ತಿಳಿ ದ್ರವ ಅಲ್ಲ. ಮಜ್ಜಿಗೆಯೂ ಅಲ್ಲ. "ಏನೂ ತಿಂದಿಲ್ಲ, ಬರೀ ಕಾಫಿ" ಅನ್ನುವ ಮಾತು ನಮಗೆ ವಾರಕ್ಕೊಮ್ಮೆಯಾದರೂ ಸಿಗುತ್ತದೆ.

ಯಾರಿಗೆ ಮಾಡಬೇಕು

ಎಲ್ಲರಿಗೂ ಬೇಡ. ಆರೋಗ್ಯವಾಗಿರುವ ಹುಡುಗ ಸರಿಯಾಗಿ ಉಪವಾಸ ಇದ್ದು ಬಂದರೆ ಸ್ಕ್ಯಾನ್‌ನಿಂದ ಹೊಸದೇನೂ ಗೊತ್ತಾಗುವುದಿಲ್ಲ. ಅರ್ಧ ಗಂಟೆ ಹಿಂದೆ ಬಿರಿಯಾನಿ ತಿಂದವನಿಗೂ ಬೇಡ, ಹೊಟ್ಟೆ ತುಂಬಿದೆ ಅಂತಲೇ ಇಟ್ಟುಕೊಳ್ಳಿ. ಅನುಮಾನ ಇರುವವರಿಗೆ ಮಾಡಿ. ತುಂಬಾ ವರ್ಷದಿಂದ ಶುಗರ್ ಇರುವವರು, ಕಿಡ್ನಿ ಕೆಟ್ಟವರು, ಅಪಘಾತವಾಗಿ ನೋವಿನಲ್ಲಿ ನರಳುತ್ತಾ ಮಾರ್ಫಿನ್‌ನಂಥ ಔಷಧ ತಗೊಂಡವರು, ಏನು ತಿಂದೆ ಅಂತ ಹೇಳುವ ಸ್ಥಿತಿಯಲ್ಲಿ ಇಲ್ಲದವರು, ನಮ್ಮ ಭಾಷೆ ಬಾರದೆ ಹೂಂ ಹೂಂ ಅಂತ ತಲೆಯಾಡಿಸುವವರು.

ಈ ಗುಂಪಿಗೆ ಈಗ ಇನ್ನೊಬ್ಬರು ಸೇರಿದ್ದಾರೆ. ತೂಕ ಇಳಿಸಲು ಅಥವಾ ಶುಗರ್‌ಗೆ ಅಂತ ವಾರಕ್ಕೊಮ್ಮೆ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚಿಕೊಳ್ಳುವವರು. ಮೌಂಜಾರೋ, ವೆಗೋವಿ ಹೆಸರಿನಲ್ಲಿ 2025ರಲ್ಲಿ ನಮ್ಮ ದೇಶಕ್ಕೂ ಬಂದ ಔಷಧಗಳಿವು. ಜಠರ ನಿಧಾನವಾಗಿ ಖಾಲಿಯಾಗುವ ಹಾಗೆ ಮಾಡುವುದೂ ಇವುಗಳ ಕೆಲಸದಲ್ಲೇ ಸೇರಿದೆ. ತೂಕದ ಇಂಜೆಕ್ಷನ್ ಅಂತ ನಾಚಿಕೊಂಡು ಕೆಲವರು ನಮ್ಮ ಹತ್ತಿರ ಹೇಳುವುದೇ ಇಲ್ಲ. ದಯವಿಟ್ಟು ಹೇಳಿ.

ಪ್ರೋಬ್ ಮತ್ತು ಮಲಗಿಸುವ ರೀತಿ

ದೊಡ್ಡವರಿಗೆ ಹೊಟ್ಟೆ ಸ್ಕ್ಯಾನ್‌ಗೆ ಬಳಸುವ ಬಾಗಿದ ಮೂತಿಯ ಪ್ರೋಬ್ ಸಾಕು, 2ರಿಂದ 5 ಮೆಗಾಹರ್ಟ್ಸ್‌ನದು. ಚಿಕ್ಕ ಮಕ್ಕಳಿಗೆ ನೇರ ಮೂತಿಯದು ಚೆನ್ನಾಗಿ ತೋರಿಸುತ್ತದೆ. ಯಂತ್ರವನ್ನು ಹೊಟ್ಟೆಯ ಸೆಟ್ಟಿಂಗ್‌ಗೆ ಹಾಕಿ. ಒಂದು ಮಾತು ಇಲ್ಲೇ ಹೇಳಬೇಕು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಿಂದಾಗಿ ನಮ್ಮಲ್ಲಿ ಯಾವ ಅಲ್ಟ್ರಾಸೌಂಡ್ ಯಂತ್ರವನ್ನೂ ನೋಂದಣಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. ಅದು ಓಟಿಯಲ್ಲಿ ಹೊಟ್ಟೆ, ನರ, ಹೃದಯ ನೋಡಲು ಇಟ್ಟ ಯಂತ್ರವಾದರೂ ಅಷ್ಟೇ. ಸಣ್ಣ ಊರಿನ ಗೆಳೆಯರೇ, ಮೊದಲು ಕಾಗದಪತ್ರ ಸರಿ ಮಾಡಿಕೊಳ್ಳಿ, ಆಮೇಲೆ ಪ್ರೋಬ್ ಹಿಡಿಯಿರಿ.

ಮೊದಲು ಅಂಗಾತ ಮಲಗಿಸಿ ನೋಡಿ. ಆಮೇಲೆ ಬಲ ಮಗ್ಗುಲಿಗೆ ತಿರುಗಿಸಿ ಇನ್ನೊಮ್ಮೆ ನೋಡಿ. ಈ ಎರಡನೇ ಸಲದ್ದು ಬಿಡಲೇಬಾರದು. ಅರ್ಧ ನೀರಿರುವ ಬಿಂದಿಗೆಯನ್ನು ಒಂದು ಕಡೆಗೆ ವಾಲಿಸಿದರೆ ನೀರೆಲ್ಲ ಆ ಕಡೆಗೆ ಬರುತ್ತದಲ್ಲ, ಹಾಗೆ. ಜಠರದ ಕೆಳತುದಿ, ಕರುಳಿಗೆ ಸೇರುವ ಮುಂಚಿನ ಜಾಗ, ಅದಕ್ಕೆ ಆಂಟ್ರಮ್ ಅನ್ನುತ್ತೇವೆ. ಬಲಕ್ಕೆ ಮಲಗಿದರೆ ಜಠರದಲ್ಲಿರುವ ನೀರು ಆ ಆಂಟ್ರಮ್‌ಗೆ ಇಳಿಯುತ್ತದೆ, ಗಾಳಿ ಎಡಕ್ಕೆ ಮೇಲೆ ಹೋಗುತ್ತದೆ. ನಾವು ನೋಡಬೇಕಾದದ್ದು ಈ ಆಂಟ್ರಮ್ ಮಾತ್ರ. ಸೊಂಟ ಮುರಿದು ತಿರುಗಲು ಆಗದವರನ್ನು ತಲೆ ಕಡೆ ಎತ್ತಿ ಅರೆ ಕುಳಿತ ಹಾಗೆ ಮಾಡಿ ನೋಡಬಹುದು, ಬಲ ಮಗ್ಗುಲಿನಷ್ಟು ಖಾತ್ರಿ ಸಿಗುವುದಿಲ್ಲ.

ಆಂಟ್ರಮ್ ಹುಡುಕುವುದು

ಎದೆಮೂಳೆ ಮುಗಿಯುವ ಕಡೆ, ಹೊಟ್ಟೆಯ ನಡುವೆ ಪ್ರೋಬನ್ನು ಉದ್ದಕ್ಕೆ ಇಡಿ, ಗುರುತು ತಲೆಯ ಕಡೆಗಿರಲಿ. ಎಡ ಪಕ್ಕೆಲುಬಿನ ಅಂಚಿನಿಂದ ಬಲಕ್ಕೆ ನಿಧಾನವಾಗಿ ಸರಿಸಿ. ಕೈ ಭಾರ ಹಾಕಬೇಡಿ, ಒತ್ತಿದರೆ ಜಠರ ಚಪ್ಪಟೆಯಾಗುತ್ತದೆ, ಅಳತೆ ತಪ್ಪುತ್ತದೆ.

ಮೊದಲು ಕಾಣುವುದು ಲಿವರ್. ಬೂದು ಬಣ್ಣದ, ಒಂದೇ ಹದದ, ತ್ರಿಕೋನದ ಹಾಗಿರುವ ಅಂಚು. ಅದರ ಹಿಂದೆ, ಪಾದದ ಕಡೆಗೆ ಒಂದು ದುಂಡು ಆಕಾರ ಕಾಣುತ್ತದೆ, ಅದೇ ಆಂಟ್ರಮ್. ಅದರ ಹಿಂದೆ ಪ್ಯಾಂಕ್ರಿಯಾಸ್, ಇನ್ನೂ ಆಳದಲ್ಲಿ ಅಯೋರ್ಟಾ, ಅಂದರೆ ಮಿಡಿಯುವ ದೊಡ್ಡ ರಕ್ತನಾಳ. ಲಿವರ್, ಆಂಟ್ರಮ್, ಅಯೋರ್ಟಾ ಒಂದೇ ಚಿತ್ರದಲ್ಲಿ ಬಂದರೆ ಸರಿಯಾದ ಜಾಗಕ್ಕೆ ಬಂದಿರಿ. ಕರುಳನ್ನೇ ಜಠರ ಅಂದುಕೊಳ್ಳುವುದು ಹೊಸಬರು ಮಾಡುವ ತಪ್ಪು. ಜಠರದ ಗೋಡೆ ದಪ್ಪ, ಅದರಲ್ಲಿ ಸ್ನಾಯುವಿನ ಒಂದು ಕಪ್ಪು ಪಟ್ಟಿ ಎದ್ದು ಕಾಣುತ್ತದೆ. ಆ ಪಟ್ಟಿ ಕಾಣದಿದ್ದರೆ ಇನ್ನೊಂದು ಸಲ ಹುಡುಕಿ.

ಚಿತ್ರ ಓದುವುದು

ಖಾಲಿ ಹೊಟ್ಟೆಯಲ್ಲಿ ಆಂಟ್ರಮ್ ಮುದುಡಿಕೊಂಡಿರುತ್ತದೆ. ಸುತ್ತ ಕಪ್ಪು ಉಂಗುರ, ನಡುವೆ ಬೆಳ್ಳನೆ ಚುಕ್ಕೆ. ಗುರಿ ಹಲಗೆಯ ಹಾಗೆ ಕಾಣುವುದರಿಂದ ನಾವು ಅದನ್ನು ಬುಲ್ಸ್ ಐ ಅನ್ನುತ್ತೇವೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ನೀರಿದ್ದರೆ ಒಳಗೆ ಕಪ್ಪು, ಗೋಡೆ ಬಲೂನಿನ ಹಾಗೆ ಉಬ್ಬಿ ತೆಳ್ಳಗಾಗಿರುತ್ತದೆ. ಆಗಷ್ಟೇ ಕುಡಿದಿದ್ದರೆ ಗಾಳಿಗುಳ್ಳೆಗಳು ಕಪ್ಪಿನಲ್ಲಿ ಮಿನುಗುತ್ತವೆ, ಅಮಾವಾಸ್ಯೆ ರಾತ್ರಿ ಅಂಗಳದಲ್ಲಿ ಮಲಗಿ ಆಕಾಶ ನೋಡಿದ ಹಾಗೆ. ಹಾಲಾದರೆ ಕಪ್ಪಲ್ಲ, ಬಿಳಿ ಬೂದು.

ಊಟ ಎರಡು ರೀತಿ ಕಾಣುತ್ತದೆ. ತಿಂದು ಸ್ವಲ್ಪ ಹೊತ್ತಾಗಿದ್ದರೆ, ಅಗಿಯುವಾಗ ಆಹಾರದ ಜೊತೆ ಸೇರಿದ ಗಾಳಿ ಮುಂದಿನ ಗೋಡೆಗೆ ಅಂಟಿಕೊಂಡು ಹಿಂದಿರುವುದನ್ನೆಲ್ಲ ಮುಚ್ಚಿಬಿಡುತ್ತದೆ. ಬಚ್ಚಲುಮನೆ ಕಿಟಕಿಯ ಮಂಜುಗಾಜಿನಲ್ಲಿ ಆಚೆ ನೋಡಿದ ಹಾಗೆ, ಏನೋ ಇದೆ, ಏನು ಅಂತ ಗೊತ್ತಾಗುವುದಿಲ್ಲ. ಏನೂ ಕಾಣುತ್ತಿಲ್ಲ, ಹಾಗಾದರೆ ಖಾಲಿ ಅಂತ ತಿಳಿದುಕೊಂಡರೆ ಅಪಾಯ. ಗಂಟೆಗಳು ಕಳೆದು ಗಾಳಿ ಹೋದ ಮೇಲೆ ಒಳಗಿರುವುದು ತೆಳ್ಳನೆ ಉಪ್ಪಿಟ್ಟಿನ ಹಾಗೆ, ಅಲ್ಲಲ್ಲಿ ಬಿಳಿ, ಅಲ್ಲಲ್ಲಿ ಬೂದು ಕಾಳುಗಳಾಗಿ ಕಾಣುತ್ತದೆ. ಆ ಅಮ್ಮನ ಹೊಟ್ಟೆಯಲ್ಲಿ ನಾನು ನೋಡಿದ್ದು ಇದನ್ನೇ. ಆಂಟ್ರಮ್ ಒಮ್ಮೆ ಮೆಲ್ಲಗೆ ಹಿಂಡಿಕೊಂಡಿತು, ಕಾಳುಗಳು ಅತ್ತಿತ್ತ ಸರಿದವು, ಮತ್ತೆ ಅಲ್ಲೇ ನಿಂತವು.

ನೀರಿದ್ದರೆ ಅಳತೆ ಬೇಕು

ಗಟ್ಟಿ ಆಹಾರ ಕಂಡರೆ ಅಳೆಯುವುದು ಸುಮ್ನೆ, ಹೊಟ್ಟೆ ತುಂಬಿದೆ ಅಷ್ಟೇ. ಎರಡೂ ಭಂಗಿಯಲ್ಲಿ ಏನೂ ಇಲ್ಲದಿದ್ದರೆ ಗ್ರೇಡ್ 0. ಬಲ ಮಗ್ಗುಲಿನಲ್ಲಿ ಮಾತ್ರ ನೀರು ಕಂಡರೆ ಗ್ರೇಡ್ 1, ಸಾಮಾನ್ಯವಾಗಿ ಸ್ವಲ್ಪವೇ ಇರುತ್ತದೆ. ಅಂಗಾತ ಮಲಗಿದಾಗಲೂ ಕಂಡರೆ ಗ್ರೇಡ್ 2, ಹುಷಾರಾಗಿರಬೇಕು. ಇದು ಟೊರೊಂಟೊದ ಅರಿವಳಿಕೆ ವೈದ್ಯೆ ಅನಾಹಿ ಪೆರ್ಲಾಸ್ ಮತ್ತು ಅವರ ತಂಡ ಕೊಟ್ಟ ದಾರಿ.

ಸೂತ್ರವೂ ಅವರದ್ದೇ. ಬಲ ಮಗ್ಗುಲಿನಲ್ಲಿ, ಆಂಟ್ರಮ್ ಹಿಂಡಿಕೊಳ್ಳದೆ ಸುಮ್ಮನಿರುವಾಗ ಚಿತ್ರ ನಿಲ್ಲಿಸಿ, ಗೋಡೆಯ ಹೊರ ಅಂಚಿನಿಂದ ಹೊರ ಅಂಚಿಗೆ ಎರಡು ಅಡ್ಡಳತೆ ತಗೊಳ್ಳಿ. ಎರಡನ್ನೂ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿದರೆ ವಿಸ್ತೀರ್ಣ ಸಿಗುತ್ತದೆ. ಅದನ್ನು 14.6ರಿಂದ ಗುಣಿಸಿ 27 ಕೂಡಿಸಿ, ವಯಸ್ಸನ್ನು 1.28ರಿಂದ ಗುಣಿಸಿ ಬಂದದ್ದನ್ನು ಕಳೆಯಿರಿ. ಉತ್ತರ ಮಿಲಿಲೀಟರ್‌ನಲ್ಲಿ ಬರುತ್ತದೆ.

ಉದಾಹರಣೆಗೆ 30 ವರ್ಷದ, 70 ಕೆ.ಜಿ. ತೂಕದ ಯುವಕ. ಅಳತೆ 2 ಮತ್ತು 3 ಸೆಂ.ಮೀ. ವಿಸ್ತೀರ್ಣ 4.71. ಲೆಕ್ಕ ಹಾಕಿದರೆ ಸುಮಾರು 57 ಮಿ.ಲೀ. ಕೆ.ಜಿ.ಗೆ 1.5 ಮಿ.ಲೀ.ವರೆಗೆ ಇದ್ದರೆ ಚಿಂತೆಯಿಲ್ಲ, ಉಪವಾಸ ಇದ್ದವರಲ್ಲೂ ಎಂಜಲು, ಜಠರ ರಸ ಸೇರಿ ಅಷ್ಟು ಇದ್ದೇ ಇರುತ್ತದೆ. ಇವನಿಗೆ 105 ಮಿ.ಲೀ. ಮಿತಿ, ಹಾಗಾಗಿ ಮುಂದುವರಿಯಬಹುದು. ಈ ಸೂತ್ರ ಗರ್ಭಿಣಿಯರಲ್ಲದ ದೊಡ್ಡವರಿಗೆ ಮಾತ್ರ. ಮಕ್ಕಳಿಗೆ ಬೇರೆ ಲೆಕ್ಕವಿದೆ.

ತುಂಬಿದೆ ಅಂತ ಗೊತ್ತಾದ ಮೇಲೆ

ತಡೆಯಬಹುದಾದ ಆಪರೇಷನ್ ಆದರೆ ಮುಂದಕ್ಕೆ ಹಾಕಿ. ಸರ್ಜನ್ ಮುಖ ಸಪ್ಪಗಾಗುತ್ತದೆ, ಲಿಸ್ಟ್ ಹಿಂದುಮುಂದಾಗುತ್ತದೆ, ರಜೆ ಹಾಕಿ ಬಂದ ಮನೆಯವರು ಬೇಜಾರಾಗುತ್ತಾರೆ. ಪರದೆಯನ್ನು ಅವರ ಕಡೆಗೆ ತಿರುಗಿಸಿ ತೋರಿಸಿ. ಗಂಟೆಗಟ್ಟಲೆ ವಾದ ಮಾಡುವುದಕ್ಕಿಂತ ಒಂದು ಚಿತ್ರ ಸಾಕಾಗುತ್ತದೆ.

ತಡೆಯಲು ಆಗದಿದ್ದರೆ, ಉದಾಹರಣೆಗೆ ಕರುಳು ತೂತಾಗಿದ್ದರೆ, ಹೊಟ್ಟೆ ತುಂಬಿದೆ ಅಂತಲೇ ತಯಾರಾಗಿ. ಬಾಯಿಗೆ ಬಂದದ್ದನ್ನು ಹೀರಿ ತೆಗೆಯುವ ಸಕ್ಷನ್ ಕೈಗೆ ಸಿಗುವ ಹಾಗಿರಲಿ, ಬೇಕಾದರೆ ಮೂಗಿನಿಂದ ಟ್ಯೂಬ್ ಹಾಕಿ ಒಳಗಿನ ನೀರು ತೆಗೆಯಿರಿ, ತಲೆ ಕಡೆ ಎತ್ತಿ, ಔಷಧಗಳನ್ನು ಬೇಗ ಕೊಟ್ಟು ಶ್ವಾಸನಾಳಕ್ಕೆ ಟ್ಯೂಬ್ ಕೂಡಲೇ ಹೋಗಬೇಕು. ಕೈ ಕಾಲಿನ ಆಪರೇಷನ್ ಆದರೆ ಆ ಭಾಗಕ್ಕೆ ಮಾತ್ರ ಮರಗಟ್ಟಿಸಿ, ರೋಗಿ ಎಚ್ಚರವಾಗಿಯೇ ಇರುವ ಹಾಗೆ ಮಾಡಬಹುದಾ ಅಂತಲೂ ಯೋಚಿಸಿ.

ಸ್ಕ್ಯಾನ್ ಕೈಕೊಡುವ ಕಡೆಗಳೂ ಇವೆ. ತೂಕ ಇಳಿಸಲು ಜಠರ ಕತ್ತರಿಸಿಕೊಂಡವರಲ್ಲಿ, ಜಠರದ ಒಂದು ಭಾಗ ಎದೆಗೆ ಏರಿ ದೊಡ್ಡ ಹರ್ನಿಯಾ ಆದವರಲ್ಲಿ ಈ ಚಿತ್ರವನ್ನೂ ಲೆಕ್ಕವನ್ನೂ ನಂಬುವ ಹಾಗಿಲ್ಲ. ಆಂಟ್ರಮ್ ಸಿಗಲೇ ಇಲ್ಲವಾದರೆ ಕೇಸ್‌ಶೀಟ್‌ನಲ್ಲಿ "ಕಾಣಲಿಲ್ಲ" ಅಂತಲೇ ಬರೆಯಿರಿ, ಖಾಲಿ ಅಂತ ಬರೆಯಬೇಡಿ. ಕೈ ಪಳಗಲು ಎಷ್ಟು ದಿನ ಬೇಕು ಅಂತ ಕಿರಿಯರು ಕೇಳುತ್ತಾರೆ. ನೂರಕ್ಕೆ 95 ಸಲ ಸರಿ ಹೇಳುವಷ್ಟಾಗಲು ಸುಮಾರು 33 ಸ್ಕ್ಯಾನ್ ಬೇಕು ಅಂತ ಒಂದು ಅಧ್ಯಯನ ಹೇಳಿದೆ. ಮೊದಲು ನಿಮ್ಮ ಗೆಳೆಯರ ಮೇಲೆ ಮಾಡಿ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಒಮ್ಮೆ, ಒಂದು ಲೋಟ ನೀರು ಕುಡಿಸಿ ಒಮ್ಮೆ, ಕ್ಯಾಂಟೀನ್ ಇಡ್ಲಿ ತಿಂದ ಮೇಲೆ ಒಮ್ಮೆ. ಮೂರು ಚಿತ್ರವೂ ಒಂದೇ ದಿನ ಕಲಿತ ಹಾಗಾಯಿತು.

ರೋಗಿಗಳ ಮನೆಯವರಿಗೂ ಒಂದು ಮಾತು. ಪಾಪ ಅಂತ ಕದ್ದು ಬಿಸ್ಕತ್ತು ಕೊಟ್ಟಿದ್ದರೆ ಹೇಳಿಬಿಡಿ, ಯಾರೂ ಬೈಯುವುದಿಲ್ಲ. ಹಾಗೆಯೇ ಮಧ್ಯಾಹ್ನ ಎರಡಕ್ಕೆ ಆಪರೇಷನ್ ಅಂದರೆ ಹಿಂದಿನ ರಾತ್ರಿಯಿಂದ ಅಜ್ಜಿಗೆ ನೀರೂ ಕೊಡದೆ ಒಣಗಿಸಬೇಡಿ. ಎಲ್ಲಿಯವರೆಗೆ ನೀರು ಕೊಡಬಹುದು ಅಂತ ಅರಿವಳಿಕೆ ವೈದ್ಯರನ್ನೇ ಕೇಳಿ.

ಆ ಅಮ್ಮನನ್ನು ಅವತ್ತು ವಾರ್ಡಿಗೆ ವಾಪಸ್ ಕಳಿಸಿದೆವು. ಒಂದು ದಿನ ಪೂರ್ತಿ ಬರೀ ದ್ರವ ಆಹಾರ, ಅದಾದ ಮೇಲೆ ಮತ್ತೆ ಉಪವಾಸ. ಮೂರನೇ ದಿನ ಬೆಳಿಗ್ಗೆ ಅದೇ ಕೋಣೆ, ಅದೇ ಹಸಿರು ಗೌನ್. ಅಂಗಾತ ನೋಡಿದೆ, ಬಲಕ್ಕೆ ತಿರುಗಿಸಿ ನೋಡಿದೆ. ಮಗಳು ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೇ ಬಂದು ಪರದೆ ಕಡೆ ಬಗ್ಗಿ, "ಆ ದುಂಡಗಿರೋದಾ ಸಾರ್?" ಅಂತ ಕೇಳಿದಳು. ಹೌದು, ಅದೇ. ಕಪ್ಪು ಉಂಗುರ, ನಡುವೆ ಬೆಳ್ಳನೆ ಚುಕ್ಕೆ.