ಒಂದು ಗೇಣು ಕಲ್ಲು, ಮುಕ್ಕಾಲು ಗಂಟೆ: ಹೊಯ್ಸಳ ಗುಡಿಗಳ ಎದುರು ಚಿತ್ರ ಬಿಡಿಸುವ ಹವ್ಯಾಸ

ಹಾಸನ, ಚಿಕ್ಕಮಗಳೂರು ಕಡೆಯವರು ಬೇಲೂರು, ಹಳೇಬೀಡಿಗೆ ಹೋಗುವುದು ಹೆಚ್ಚಾಗಿ ಮನೆಗೆ ನೆಂಟರು ಬಂದಾಗ. ಒಂದು ಸುತ್ತು ಹಾಕಿ, ನಾಲ್ಕು ಫೋಟೊ ತೆಗೆದು, ಊಟದ ಹೊತ್ತಿಗೆ ಹೊರಗೆ ಬಂದುಬಿಡುತ್ತಾರೆ. ಅದೇ ಗೋಡೆಯ ಎದುರು ಪೆನ್ಸಿಲ್ ಹಿಡಿದು ಮುಕ್ಕಾಲು ಗಂಟೆ ಕೂತವರಿಗೆ ಕಾಣುವುದೇ ಬೇರೆ. ಕೈಗೆ ಅವಸರ ಮಾಡಲು ಬರುವುದಿಲ್ಲ, ಅದರ ಜೊತೆ ಕಣ್ಣೂ ನಿಧಾನಕ್ಕೆ ಬರುತ್ತದೆ. ಮನಸ್ಸಿನೊಳಗೆ ಸುತ್ತುತ್ತಿದ್ದ ಆಫೀಸು, ಸಾಲ, ಮಕ್ಕಳ ಮಾರ್ಕ್ಸು ಎಲ್ಲ ಸ್ವಲ್ಪ ಹೊತ್ತು ಹಿಂದೆ ಸರಿಯುತ್ತವೆ. ಚಿತ್ರ ಚೆನ್ನಾಗಿ ಬರಲಿ, ಬಾರದಿರಲಿ, ಈ ಲಾಭ ಮೊದಲ ದಿನವೇ ಸಿಗುತ್ತದೆ.

ಶುರು ಮಾಡಿದವರು ಎರಡನೇ ವಾರಕ್ಕೇ ಕೈಬಿಡುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ: ಇಡೀ ಗುಡಿಯನ್ನು ಹಾಳೆಗೆ ಇಳಿಸಲು ಹೋಗಿರುತ್ತಾರೆ. ನಕ್ಷತ್ರಾಕಾರದ ತಳಪಾಯ, ಹತ್ತಾರು ಮೂಲೆ, ಒಂದೊಂದು ಮೂಲೆಯಲ್ಲೂ ವಿಗ್ರಹ. ಪಳಗಿದ ಕಲಾವಿದರಿಗೂ ಅದು ಸುಲಭವಲ್ಲ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಒಂದೇ ನಿಯಮದ ಮೇಲೆ ನಿಂತಿದೆ. ಒಂದು ಸಲಕ್ಕೆ ಒಂದು ಗೇಣಿನಷ್ಟು ಕಲ್ಲು, ಅಷ್ಟೇ.

ಬೇಕಾದ ಸಾಮಾನು

ಹವ್ಯಾಸ ಅಂದ ಕೂಡಲೇ ಸಾವಿರಾರು ರೂಪಾಯಿಯ ಪೆಟ್ಟಿಗೆ ಕೊಳ್ಳಬೇಡಿ. ಎ5 ಅಳತೆಯ, ಗಟ್ಟಿ ರಟ್ಟಿನ ಸ್ಕೆಚ್ ಪುಸ್ತಕ ಒಂದು ಸಾಕು. ಹಾಳೆಯ ದಪ್ಪ 120ರಿಂದ 150 ಜಿಎಸ್‌ಎಂ ಇರಲಿ. ಅದಕ್ಕಿಂತ ತೆಳುವಾದರೆ ನಾಲ್ಕು ಸಲ ಅಳಿಸುವಷ್ಟರಲ್ಲಿ ನಾರು ಎದ್ದು, ಆ ಜಾಗದಲ್ಲಿ ಪೆನ್ಸಿಲ್ ಕಪ್ಪು ಕಪ್ಪಾಗಿ ಮೆತ್ತಿಕೊಳ್ಳುತ್ತದೆ. ಪೆನ್ಸಿಲ್ ಮೂರು, ತೆಳು ಗೆರೆಯದರಿಂದ ಕಡುಗಪ್ಪಿನವರೆಗೆ: ಎಚ್‌ಬಿ, 2ಬಿ, 4ಬಿ. ಮೆಂಡರಿನ ಬದಲು ಬ್ಲೇಡಿನಿಂದ ಕೆತ್ತಿ, ಸೀಸ ಅರ್ಧ ಅಂಗುಲ ಹೊರಗೆ ಕಾಣುವಂತೆ ಇಟ್ಟುಕೊಂಡರೆ ಮೊನೆಯಿಂದ ಗೆರೆಯನ್ನೂ ಬದಿಯಿಂದ ನೆರಳನ್ನೂ ಹಾಕಬಹುದು. ಮೆತ್ತನೆಯ ರಬ್ಬರ್, ಗಾಳಿಗೆ ಹಾಳೆ ಹಾರದಂತೆ ಎರಡು ಕ್ಲಿಪ್, ನೀರು, ಟೊಪ್ಪಿ.

ಇವುಗಳ ಜೊತೆ ಯಾರೂ ಹೇಳದ ಎರಡು ವಸ್ತು ಬೇಕು. ಒಂದು, ಕೂರಲು ದಪ್ಪನೆಯ ಚಾಪೆ ಅಥವಾ ದಿಂಬು. ಇನ್ನೊಂದು, ಹತ್ತಿಯ ಕಾಲುಚೀಲ. ಗುಡಿ ನಿಂತಿರುವ ಎತ್ತರದ ಕಲ್ಲುಕಟ್ಟೆಯನ್ನು, ಅಂದರೆ ಜಗತಿಯನ್ನು, ಚಪ್ಪಲಿ ಬಿಟ್ಟೇ ಹತ್ತಬೇಕು. ಬೇಸಿಗೆಯಲ್ಲಿ ಹೊತ್ತೇರಿದಂತೆ ಆ ಕಲ್ಲು ಕಾಲಿಡಲಾಗದಷ್ಟು ಕಾಯುತ್ತದೆ. ಸುಡುವ ಕಲ್ಲಿನ ಮೇಲೆ ಕೂತು ಯಾರಿಗೂ ಗಮನ ನಿಲ್ಲುವುದಿಲ್ಲ.

ಹೊತ್ತು ಮತ್ತು ಬೆಳಕು

ಬೇಲೂರಿನ ಚೆನ್ನಕೇಶವ ಗುಡಿ, ಹಳೇಬೀಡಿನ ಹೊಯ್ಸಳೇಶ್ವರ ಗುಡಿ ಎರಡೂ ಪೂರ್ವಕ್ಕೆ ಮುಖ ಮಾಡಿವೆ. ಬೆಳಿಗ್ಗೆ ಮುಂಭಾಗದ ಮೇಲೆ ಓರೆ ಬಿಸಿಲು ಬೀಳುತ್ತದೆ, ಕೆತ್ತನೆಯ ಆಳ ಎದ್ದು ಕಾಣುತ್ತದೆ. ಹಳೇಬೀಡಿನ ಹಿಂಬದಿಯ, ಅಂದರೆ ಪಡುವಣ ಗೋಡೆಯ ದೊಡ್ಡ ವಿಗ್ರಹಗಳಿಗೆ ನೇರ ಬೆಳಕು ಬರುವುದು ಮಧ್ಯಾಹ್ನದ ಮೇಲೆ. ಸಂಜೆ ನಾಲ್ಕರ ಹೊತ್ತು ಅದಕ್ಕೆ ಒಳ್ಳೆಯದು. ಬೆಳಿಗ್ಗೆ ಆ ಗೋಡೆ ಪೂರ್ತಿ ನೆರಳಲ್ಲಿರುತ್ತದೆ. ನೆರಳು ಹಾಕದೆ ಬರೀ ಗೆರೆ ಅಭ್ಯಾಸ ಮಾಡುವವರಿಗೆ ಅದೇ ಅನುಕೂಲ, ಬೆಳಕು ಬೇಗ ಬದಲಾಗುವುದಿಲ್ಲ.

ನಡು ಹಗಲಿನಲ್ಲಿ ಬಿಸಿಲು ನೆತ್ತಿಯಿಂದ ಬೀಳುತ್ತದೆ. ಆಗ ಚಾಚಿದ ಸೂರಿನ ನೆರಳು ಗೋಡೆಯ ಮೇಲ್ಭಾಗವನ್ನು ಮುಚ್ಚಿ, ಕೆಳಭಾಗ ಬಿಳಿಚಿಕೊಂಡಂತೆ ಕಾಣುತ್ತದೆ. ಆ ಹೊತ್ತಿನಲ್ಲಿ ಬಿಡಿಸದಿರುವುದೇ ಮೇಲು. ಚಳಿಗಾಲದ ಮಂಜಿನ ಬೆಳಗಿನಲ್ಲಿ ಹಾಳೆ ತೇವ ಎಳೆದುಕೊಂಡು ಪೆನ್ಸಿಲ್ ಸರಿಯಾಗಿ ಹತ್ತುವುದಿಲ್ಲ, ಮಂಜು ಕರಗಲು ಬಿಡಿ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಆ ದಿನಗಳಲ್ಲಿ ವಾರದ ನಡುವೆ ಬೆಳಿಗ್ಗೆ ಬೇಗ ಹೋದರೆ ನೆಮ್ಮದಿಯಾಗಿ ಕೂರಬಹುದು.

ಮೊದಲ ತಿಂಗಳು: ಆನೆ ಸಾಲು

ಹಳೇಬೀಡಿನ ಗೋಡೆಯ ಬುಡದಿಂದ ಪಟ್ಟಿಕೆಗಳು ಒಂದರ ಮೇಲೊಂದು ಸುತ್ತು ಬರುತ್ತವೆ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕತೆಗಳು, ಮಕರ, ಹಂಸ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಠ್ಯಕ್ರಮ ಇಲ್ಲ. ಆನೆ ಕೂತವರ ಕಣ್ಣಿನ ಮಟ್ಟಕ್ಕೆ ಹತ್ತಿರವಿರುತ್ತದೆ, ಆಕಾರ ದುಂಡಗಿದೆ, ತಪ್ಪಿದರೂ ಆನೆಯಂತೆಯೇ ಕಾಣುತ್ತದೆ.

ಗೋಡೆಯಿಂದ ನಾಲ್ಕೈದು ಅಡಿ ದೂರ ಕೂತು ಒಂದೇ ಆನೆ ಆರಿಸಿ. ಮೊದಲ ಐದು ನಿಮಿಷ ಪೆನ್ಸಿಲ್ ಮುಟ್ಟಬೇಡಿ. ಸೊಂಡಿಲು ಎಲ್ಲಿ ಶುರುವಾಗಿ ಎಲ್ಲಿ ಮಡಚಿದೆ, ಯಾವ ಕಾಲು ಮುಂದಿದೆ, ಹೊಟ್ಟೆಯ ಕೆಳಗೆ ಉಳಿದ ಖಾಲಿ ಜಾಗದ ಆಕಾರ ಏನು, ಇಷ್ಟನ್ನು ನೋಡಿ. ಆಮೇಲೆ ಮೊಣಕೈ ಮಡಚದೆ ಕೈ ಚಾಚಿ, ಪೆನ್ಸಿಲನ್ನು ಕಣ್ಣೆದುರು ನೇರ ಹಿಡಿದು, ಒಂದು ಕಣ್ಣು ಮುಚ್ಚಿ ಪಟ್ಟಿಕೆಯ ಎತ್ತರವನ್ನು ಹೆಬ್ಬೆರಳಿನಿಂದ ಗುರುತಿಸಿಕೊಳ್ಳಿ. ಆನೆಯ ಉದ್ದ ಅದರ ಎಷ್ಟು ಪಾಲು? ಆ ಲೆಕ್ಕದಲ್ಲಿ ಹಾಳೆಯ ಮೇಲೆ ಎಚ್‌ಬಿಯಿಂದ ತೆಳುವಾದ ಒಂದು ಚೌಕಟ್ಟು ಎಳೆಯಿರಿ. ಚೌಕಟ್ಟು ಸರಿ ಬಂದರೆ ಅರ್ಧ ಕೆಲಸ ಮುಗಿದಂತೆ.

ಚೌಕಟ್ಟಿನೊಳಗೆ ಮೈಗೆ ಒಂದು ಮೊಟ್ಟೆಯಾಕಾರ, ತಲೆಗೆ ಒಂದು ವೃತ್ತ, ಕಾಲುಗಳಿಗೆ ಬರೀ ನೇರ ಗೆರೆ. ಇದಕ್ಕೆ ಹತ್ತು ನಿಮಿಷ. ಮುಂದಿನ ಕಾಲು ಗಂಟೆ ಹೊರಗೆರೆ. ಕೊನೆಗೆ ಗಂಟೆ, ಸರಪಣಿ, ಜೂಲು, ಮಾವುತ. ಈ ಕೊನೆಯದನ್ನೇ ಮೊದಲು ಹಿಡಿಯುವುದು ಬಹುಪಾಲು ಜನರ ತಪ್ಪು. ಕೊರಳ ಗಂಟೆ ಬಲು ಅಂದವಾಗಿ ಬಂದಿರುತ್ತದೆ, ಸೊಂಡಿಲಿಗೆ ಮಾತ್ರ ಹಾಳೆಯಲ್ಲಿ ಜಾಗ ಉಳಿದಿರುವುದಿಲ್ಲ.

ನೆರಳಿಗೆ ಮೂರೇ ಬಣ್ಣ. ಬಿಸಿಲು ಬಿದ್ದ ಕಡೆ ಬರೀ ಹಾಳೆ, ಸಾಧಾರಣ ಮಬ್ಬಿಗೆ 2ಬಿ, ಕೆತ್ತನೆ ಒಳಗೆ ಕೊರೆದು ಹೋಗಿರುವ ಕಡೆ 4ಬಿ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಸಣ್ಣಪುಟ್ಟದ್ದೆಲ್ಲ ಮಾಯವಾಗಿ ಈ ಮೂರು ಮಾತ್ರ ಉಳಿಯುತ್ತವೆ. ಹೊರಗೆರೆ ಮುಗಿದ ಕೂಡಲೇ ನೆರಳಿನ ಅಂಚನ್ನು ತೆಳುವಾಗಿ ಗುರುತು ಮಾಡಿಟ್ಟುಕೊಳ್ಳಿ. ಸೂರ್ಯ ಸರಿದಂತೆ ನೆರಳೂ ಸರಿಯುತ್ತದೆ. ಅದರ ಹಿಂದೆ ನೀವೂ ಸರಿದರೆ ಒಂದೇ ಆನೆಗೆ ಎರಡು ಕಡೆಯಿಂದ ಬಿಸಿಲು ಬಿದ್ದಂತಾಗುತ್ತದೆ. ಬೆರಳಿನಿಂದ ಉಜ್ಜಿ ನೆರಳು ನುಣುಪು ಮಾಡಬೇಡಿ. ಬೆರಳಿನ ಜಿಡ್ಡು ಹಾಳೆಗೆ ಹತ್ತಿದರೆ ಆ ಕಲೆಯನ್ನು ಯಾವ ರಬ್ಬರೂ ತೆಗೆಯದು.

ಆನೆ ಕೈಗೆ ಬಂದ ಮೇಲೆ ಬಳ್ಳಿ ಪಟ್ಟಿಕೆಗೆ ಹೋಗಿ. ಮೇಲೆ ಕೆಳಗೆ ಬಳುಕುವ ಒಂದೇ ಮೂಲ ಕಾಂಡ, ಅದರಿಂದ ಒಡೆದ ಸುರುಳಿಗಳು. ಕಾಂಡವನ್ನು ಒಂದೇ ಉಸಿರಿಗೆ ಎಳೆದು, ಸುರುಳಿಗಳ ನಡುಬಿಂದುಗಳನ್ನು ಗುರುತಿಸಿ, ಆಮೇಲೆ ಎಲೆ. ಎಲೆಯಿಂದ ಶುರು ಮಾಡಿದರೆ ಬಳ್ಳಿ ಎಲ್ಲೂ ಕೂಡಿಕೊಳ್ಳುವುದಿಲ್ಲ.

ಮನಸ್ಸಿನ ಕಡೆ

ಕೂತ ಮೊದಲ ಹತ್ತು, ಹದಿನೈದು ನಿಮಿಷ ಚಡಪಡಿಕೆ ಇದ್ದೇ ಇರುತ್ತದೆ. ಗೆರೆ ಸೊಟ್ಟಗಾಯಿತು, ಯಾರೋ ನೋಡುತ್ತಿದ್ದಾರೆ, ಎದ್ದು ಹೋಗೋಣ ಅನ್ನಿಸುತ್ತದೆ. ಎದ್ದುಬಿಟ್ಟರೆ ಆ ದಿನ ಸಿಗುವುದು ಚಡಪಡಿಕೆ ಮಾತ್ರ. ಅದನ್ನು ದಾಟಿದವರಿಗೆ ಮುಂದಿನ ಅರ್ಧ ಗಂಟೆ ಹೇಗೆ ಹೋಯಿತೆಂದೇ ತಿಳಿಯುವುದಿಲ್ಲ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಚೀಲದೊಳಗಿಡಿ. ಬಿಡಿಸಿದ್ದನ್ನು ಆ ದಿನವೇ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಬೇಡಿ, ಕನಿಷ್ಠ ಮೂರು ತಿಂಗಳು ಯಾರಿಗೂ ತೋರಿಸದಿದ್ದರೆ ಒಳ್ಳೆಯದು. ಲೈಕಿನ ಲೆಕ್ಕ ಶುರುವಾದ ಕೂಡಲೇ ಮನಸ್ಸು ಸುಲಭವಾಗಿ ಚೆಂದ ಕಾಣುವುದನ್ನೇ ಹುಡುಕುತ್ತದೆ, ಕಷ್ಟದ ಆಕಾರ ಕಲಿಯುವುದು ಅಲ್ಲಿಗೆ ನಿಲ್ಲುತ್ತದೆ.

ಹಿಂದೆ ನಿಂತು ನೋಡುವವರು ಇದ್ದೇ ಇರುತ್ತಾರೆ, ಮಕ್ಕಳಂತೂ ಹೆಗಲ ಮೇಲೆಯೇ ಬೀಳುತ್ತಾರೆ. ಪುಸ್ತಕ ಮುಚ್ಚಬೇಡಿ, ಒಮ್ಮೆ ನಕ್ಕು ಕೆಲಸ ಮುಂದುವರಿಸಿ. ಬೇರೆಯವರ ಎದುರು ಅರೆಬರೆ ಕೆಲಸ ಮಾಡುವ ಸಂಕೋಚ ಇಲ್ಲಿ ಕಳೆದರೆ ಕಚೇರಿಯ ಸಭೆಯಲ್ಲೂ ವೇದಿಕೆಯ ಮೇಲೂ ಅದು ಉಪಯೋಗಕ್ಕೆ ಬರುತ್ತದೆ.

ಮೈಯನ್ನೂ ಮರೆಯಬಾರದು. ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣೆತ್ತಿ ದೂರದ ಮರವನ್ನೋ ಕೆರೆಯನ್ನೋ ನೋಡಿ, ಕುತ್ತಿಗೆ ಸಡಿಲಿಸಿ. ಮಂಡಿ ನೋವಿರುವವರು ನೆಲಕ್ಕೆ ಕೂರುವ ಹಟ ಮಾಡದೆ ಕಾವಲಿನವರನ್ನು ಕೇಳಿ ಓಡಾಟಕ್ಕೆ ಅಡ್ಡಿಯಾಗದ ಕಡೆ ಸಣ್ಣ ಮಡಚು ಸ್ಟೂಲ್ ಹಾಕಿಕೊಳ್ಳಲಿ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು. ವಾರಕ್ಕೊಮ್ಮೆ ಹೋಗಲಾಗದವರು ಹದಿನೈದು ದಿನಕ್ಕೊಮ್ಮೆ ಹೋಗಲಿ, ಆದರೆ ಅದೇ ಗೋಡೆಗೆ ಹೋಗಲಿ. ಪ್ರತಿ ಸಲ ಹೊಸ ಗುಡಿ ಹುಡುಕುವವರು ಪ್ರತಿ ಸಲವೂ ಹೊಸಬರಾಗಿಯೇ ಉಳಿಯುತ್ತಾರೆ.

ಪುಟದ ಹಿಂಬದಿ ಖಾಲಿ ಬಿಡಬೇಡಿ. ತಾರೀಕು, ಹೊತ್ತು, ಗೋಡೆಯ ದಿಕ್ಕು, ಬಿಸಿಲೋ ಮೋಡವೋ, ಜೊತೆಗೆ ಬಿಡಿಸುವಾಗ ಹುಟ್ಟಿದ ಒಂದು ಪ್ರಶ್ನೆ. ಈ ದೇವರ ಕೈಯಲ್ಲಿರುವುದು ಏನು? ಕಲ್ಲನ್ನು ಇಷ್ಟು ಒಳಗೆ ಕೊರೆದದ್ದು ಹೇಗೆ? ಮನೆಗೆ ಬಂದು ಉತ್ತರ ಹುಡುಕಿದರೆ ಪುರಾಣ, ಇತಿಹಾಸ, ಭೂಗರ್ಭಶಾಸ್ತ್ರ ಎಲ್ಲಕ್ಕೂ ಬಾಗಿಲು ತೆರೆಯುತ್ತದೆ. ಕಲ್ಲಿನ ಪ್ರಶ್ನೆಯನ್ನೇ ತೆಗೆದುಕೊಳ್ಳಿ: ಇವು ಬಳಪದ ಕಲ್ಲಿನ ಗುಡಿಗಳು. ಗಣಿಯಿಂದ ತೆಗೆದಾಗ ಈ ಕಲ್ಲು ಮೆದುವಾಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತ ಹೋಗುತ್ತದೆ. ಅದಕ್ಕೇ ಒಡವೆಯ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಲು ಸಾಧ್ಯವಾಯಿತು.

ಬೇಲೂರಿನಲ್ಲಿ ವಿಗ್ರಹಗಳ ಪೀಠದ ಮೇಲೆ ಶಿಲ್ಪಿಗಳ ಹೆಸರು ಹಳಗನ್ನಡ ಕಾಲದ ಲಿಪಿಯಲ್ಲಿ ಕೊರೆದಿರುವುದು ಸಿಗುತ್ತದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೀಗೆ ಹೆಸರು ಉಳಿಸಿ ಹೋದವರು. ಅಕ್ಷರ ಓದಲು ಬಾರದಿದ್ದರೂ ಆಕಾರವಾಗಿ ನಕಲು ಮಾಡಿ. ಒಂದು ಸಾಲು ಬಿಡಿಸುವಷ್ಟರಲ್ಲಿ ಎರಡು ಮೂರು ಅಕ್ಷರ ತಾವಾಗಿ ಗುರುತು ಹತ್ತುತ್ತವೆ.

ಕಂಬ, ಆಮೇಲೆ ಮದನಿಕೆ

ಎರಡನೇ ಹಂತಕ್ಕೆ ಬೆಳವಾಡಿಯ ವೀರನಾರಾಯಣ ಗುಡಿ ಸೂಕ್ತ. ಹಳೇಬೀಡಿಂದ ಜಾವಗಲ್ ಕಡೆ ಹೋಗುವಾಗ ಸಿಗುತ್ತದೆ, ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದು. ಕಡೆದು ನಯ ಮಾಡಿದ ಕಂಬಗಳ ದೊಡ್ಡ ಮಂಟಪ, ನೆರಳು, ಜನ ಕಡಿಮೆ. ಕಂಬಕ್ಕೆ ಮೊದಲು ನಡುಗೆರೆ ಎಳೆದು, ಉಂಗುರಗಳ ಅಗಲವನ್ನು ಎಡಕ್ಕೂ ಬಲಕ್ಕೂ ಸಮ ಅಳೆಯಿರಿ. ನಿಮ್ಮ ಕಣ್ಣಿನ ಮಟ್ಟದಲ್ಲಿರುವ ಉಂಗುರ ನೇರ ಗೆರೆಯಾಗಿ ಕಾಣುತ್ತದೆ. ಅದಕ್ಕಿಂತ ಮೇಲಿನವು ಮೇಲಕ್ಕೆ ಬಾಗುತ್ತವೆ, ಕೆಳಗಿನವು ಕೆಳಕ್ಕೆ, ದೂರ ಹೋದಷ್ಟೂ ಬಾಗು ಹೆಚ್ಚು. ಎಲ್ಲ ಉಂಗುರವನ್ನೂ ಒಂದೇ ಥರ ಬಾಗಿಸಿದರೆ ಕಂಬ ಚಪ್ಪಟೆಯಾಗುತ್ತದೆ. ಉಂಗುರದ ಎರಡು ತುದಿಗಳು ಚೂಪಾದರೆ ದುಂಡುತನವೇ ಹೋಗುತ್ತದೆ.

ಹಾಸನದವರಿಗೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಹತ್ತಿರ. ನಾಲ್ಕು ಗರ್ಭಗುಡಿಯ ಈ ಗುಡಿಯಲ್ಲಿ ಗೋಡೆ ಸರಳ, ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರಗಳು. ಕಟ್ಟಡದ ಪ್ರಮಾಣ ಕಲಿಯಲು ಹೇಳಿ ಮಾಡಿಸಿದ ಜಾಗ.

ಮದನಿಕೆಯರನ್ನು, ಅಂದರೆ ಚೆಲುವೆಯರ ಬಿಡಿ ವಿಗ್ರಹಗಳನ್ನು, ಬಿಡಿಸುವ ಆಸೆ ಎಲ್ಲರಿಗೂ ಇರುತ್ತದೆ. ಬೇಲೂರಿನ 42ರಲ್ಲಿ 38 ಹೊರಗೆ ಸೂರಿನಡಿಯಲ್ಲಿವೆ, ನಾಲ್ಕು ನವರಂಗದೊಳಗೆ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದಲ್ಲಿ. ಮೂರು ನಾಲ್ಕು ತಿಂಗಳ ಅಭ್ಯಾಸ ಆಗುವವರೆಗೆ ತಡೆದುಕೊಳ್ಳಿ. ಅವು ಮುಂದಕ್ಕೆ ವಾಲಿಕೊಂಡು ಎತ್ತರದಲ್ಲಿವೆ. ನೇರ ಕೆಳಗೆ ನಿಂತು ನೋಡಿದರೆ ಕಾಲು ದೊಡ್ಡದು, ತಲೆ ಸಣ್ಣದು. ಸಾಧ್ಯವಾದಷ್ಟು ಹಿಂದೆ ಸರಿದು, ಬೇಕಿದ್ದರೆ ದುರ್ಬೀನು ಬಳಸಿ. ಮೊದಲ ಗೆರೆ ಕೊರಳ ಗುಳಿಯಿಂದ ನೇರ ಕೆಳಕ್ಕೆ, ತೂಕದ ಗುಂಡು ತೂಗಿಬಿಟ್ಟಂತೆ. ಮೈಭಾರ ಹೊತ್ತ ಪಾದ ಆ ಗೆರೆಯ ಆಸುಪಾಸಿನಲ್ಲೇ ಇರುತ್ತದೆ. ಭಾರ ಹೊತ್ತ ಕಡೆ ಸೊಂಟ ಮೇಲೆದ್ದು ಹೆಗಲು ತಗ್ಗುತ್ತದೆ. ಸೊಂಟ, ಹೆಗಲಿನ ಈ ಎರಡು ಓರೆಗೆರೆ ಸರಿ ಬೀಳದೆ ಮುಖ, ಒಡವೆಗೆ ಕೈ ಹಾಕಿದರೆ ಮದನಿಕೆ ಬೀಳುತ್ತಿರುವವಳಂತೆ ಕಾಣುತ್ತಾಳೆ. ಝೂಮ್ ಮಾಡಿದ ಒಂದು ಫೋಟೊ ಮನೆಯಲ್ಲಿ ತಾಳೆ ನೋಡಲು ಇರಲಿ. ಫೋಟೊ ನೋಡಿಯೇ ಬಿಡಿಸಿದರೆ ಕೆತ್ತನೆಯ ಆಳ ಕೈಗೆ ಹತ್ತುವುದಿಲ್ಲ.

ಗುಡಿಯಲ್ಲಿ ನಡೆದುಕೊಳ್ಳುವ ಬಗೆ ಚಿತ್ರದಷ್ಟೇ ಮುಖ್ಯ. ಬೇಲೂರಿನಲ್ಲಿ ನಿತ್ಯಪೂಜೆ ನಡೆಯುತ್ತದೆ. ಪ್ರದಕ್ಷಿಣೆಯ ದಾರಿಯಲ್ಲಿ ಕಾಲು ಚಾಚಿ ಕೂರಬಾರದು. ಹಾಳೆಯನ್ನು ಕೆತ್ತನೆಯ ಮೇಲಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು, ವಿಗ್ರಹಕ್ಕೆ ಒರಗುವುದು, ಕಲ್ಲಿಗೆ ಟೇಪ್ ಅಂಟಿಸುವುದು ಬೇಡವೇ ಬೇಡ. ಬೇಲೂರು, ಹಳೇಬೀಡಿನ ಗೋಡೆಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಂಥವು. ಸಾವಿರಾರು ಕೈಗಳ ಬೆವರು, ಜಿಡ್ಡು ಸೇರಿ ಕಲ್ಲು ಕಪ್ಪಾಗುತ್ತದೆ. ರಬ್ಬರಿನ ಪುಡಿ, ಪೆನ್ಸಿಲ್ ಸಿಪ್ಪೆ ನಿಮ್ಮ ಚೀಲದಲ್ಲೇ ಮನೆಗೆ ಬರಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕೂರುವುದು ಕಷ್ಟ. ಆಗ ನವರಂಗದ ಕಂಬ, ಭುವನೇಶ್ವರಿ (ಕೆತ್ತನೆಯ ಒಳಚಾವಣಿ) ಹಿಡಿಯಿರಿ. ಒಳಗೆ ಹೋದ ಮೇಲೆ ಕಣ್ಣು ಕತ್ತಲಿಗೆ ಒಗ್ಗಲು ಹತ್ತು ನಿಮಿಷ ಕೊಡಿ. ಪುಸ್ತಕವನ್ನು ಜಿಪ್ ಕವರಿನಲ್ಲಿ ಒಯ್ದು, ಮನೆಗೆ ಬಂದ ಕೂಡಲೇ ಹೊರತೆಗೆದು ಫ್ಯಾನಿನ ಕೆಳಗೆ ಬಿಡಿಸಿಡಿ. ತೇವ ಹಿಡಿದ ಪುಸ್ತಕವನ್ನು ಹಾಗೇ ಬೀರುವಿಗೆ ಸೇರಿಸಿದರೆ ಮಲೆನಾಡಿನ ಮಳೆಗಾಲದಲ್ಲಿ ವಾರದೊಳಗೆ ಬೂಷ್ಟು ಬರಬಹುದು. ಬಂದರೆ ಒರೆಸಬೇಡಿ, ಗೆರೆಯೂ ಅಳಿಸಿಹೋಗುತ್ತದೆ. ಬಿಸಿಲು ಬಂದ ದಿನ ಪುಟ ಪೂರ್ತಿ ಒಣಗಿಸಿ, ಮೆತ್ತನೆಯ ಒಣ ಕುಂಚದಿಂದ ಅಂಗಳದಲ್ಲಿ ಉದುರಿಸಿ.